ಯೂಸರ್ ಎರರ್ ಎಂದು ಬರೆದ ಕೈ

ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ತರಕಾರಿ ಚೀಲ ಹಿಡಿದು ಅರಸೀಕೆರೆಯ ಪೇಟೆ ಬೀದಿಗೆ ಹೊರಟರೆ ಸಾಕು, ಯಾರಾದರೊಬ್ಬರು ಅಡ್ಡ ನಿಲ್ಲಿಸುತ್ತಾರೆ. "ರಂಗಸ್ವಾಮಣ್ಣ, ನಮ್ ಸಿಸ್ಟಮ್ ತುಂಬಾ ಸ್ಲೋ ಆಗೋಗಿದೆ. ವಯಸ್ಸಾಯ್ತು ಅನ್ಸುತ್ತೆ. ಒಂದ್ಸಲ ಫಾರ್ಮ್ಯಾಟ್ ಹೊಡೆಸ್ಬಿಡ್ಲಾ?"

ವಯಸ್ಸಾಯಿತಂತೆ! ವಯಸ್ಸಾಗಿರುವುದು ನನಗೆ. ಮಂಡಿ ನೋವು ನನಗೆ. ಕಂಪ್ಯೂಟರಿನ ಚಿಪ್ಪಿಗೆ ಮಂಡಿಯೂ ಇಲ್ಲ, ನೋವೂ ಇಲ್ಲ. ಧೂಳು ಒರೆಸಿ, ಫ್ಯಾನ್ ತಿರುಗುತ್ತಿದೆಯೇ ನೋಡಿಕೊಂಡರೆ, ತಂದ ದಿನ ಎಷ್ಟು ಬೇಗ ಕೆಲಸ ಮಾಡುತ್ತಿತ್ತೋ ಐದು ವರ್ಷದ ಮೇಲೂ ಅಷ್ಟೇ ಬೇಗ ಮಾಡುತ್ತದೆ. ನಿಧಾನವಾಗುವುದು ನಾವು ಅದರ ಮೇಲೆ ಹೇರಿದ ಹೊರೆಯಿಂದ. ಆ ಹೊರೆಯನ್ನು ಯಾರು ಹೇರಿದರು ಎಂದು ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಇನ್ನು ಆ "ಹೊಡೆಯುವುದು". ನಮ್ಮ ಕಡೆ ಎಲ್ಲವನ್ನೂ ಹೊಡೆಯುತ್ತೇವೆ. ಸೀಲು ಹೊಡೆಯುತ್ತೇವೆ, ಸುಣ್ಣ ಹೊಡೆಯುತ್ತೇವೆ, ಟೈಪ್ ಹೊಡೆಯುತ್ತೇವೆ. ಕಂಪ್ಯೂಟರ್ ಬಂದ ಮೇಲೆ ಫಾರ್ಮ್ಯಾಟ್ ಹೊಡೆಯುವುದನ್ನೂ ಕಲಿತೆವು. ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಅಳಿಸಿ, ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ತುಂಬುವುದು. ಕಾಲು ಉಳುಕಿದವನಿಗೆ ಮರುಜನ್ಮ ಕೊಡಿಸುವಂಥ ಚಿಕಿತ್ಸೆ ಇದು. ಇಪ್ಪತ್ತು ವರ್ಷ ನಾನೂ ಇದನ್ನು ಹೊಡೆದಿದ್ದೇನೆ. ಈ ಕೆಲಸಕ್ಕೆ ಈಗ ಕಾಲಿಡುತ್ತಿರುವವರಿಗೆ ನಾನು ಹೇಳಬೇಕಾದದ್ದು ಅದರ ಬಗ್ಗೆಯೇ. ನನ್ನ ಬಡ್ತಿಗಳ ವಿಷಯ ಇಲ್ಲಿಲ್ಲ. ಸಿಕ್ಕಿದ್ದು ಎರಡು, ಅವುಗಳಿಂದ ಯಾರ ಕಂಪ್ಯೂಟರೂ ರಿಪೇರಿಯಾಗಲಿಲ್ಲ.

ನಾನು ಈ ಕಸುಬಿಗೆ ಬಂದದ್ದು ಟೈಪ್‌ರೈಟರ್ ದಾರಿಯಿಂದ. ಅರಸೀಕೆರೆಯಲ್ಲಿ ಪುಟ್ಟಾಚಾರ್ ಎನ್ನುವವರ ಹತ್ತಿರ ಕೆಲಸ ಕಲಿತೆ. ಕೀಲಿ ನಿಧಾನವಾಗಿ ಏಳುತ್ತಿದೆ ಎಂದು ಯಾರಾದರೂ ಯಂತ್ರ ತಂದರೆ ಆಚಾರ್ರು ಮೊದಲು ಅದನ್ನು ಬಳಸುವವರನ್ನು ಎದುರಿಗೆ ಕೂರಿಸಿ ಒಂದು ಪುಟ ಟೈಪ್ ಮಾಡಿಸುತ್ತಿದ್ದರು. ಕೈಕಟ್ಟಿ ನೋಡುತ್ತಿದ್ದರು. "ಮೊದ್ಲು ನೋಡೋ, ಆಮೇಲೆ ಬಿಚ್ಚು. ಬಯ್ಯೋದು ಕೊನೇಗೆ" ಎನ್ನುತ್ತಿದ್ದರು. ಅವರು ಯಾರನ್ನೂ ಬೈದದ್ದು ನನಗೆ ನೆನಪಿಲ್ಲ. ಅಷ್ಟು ಹೊತ್ತಿಗೆ ಕಾರಣ ಸಿಕ್ಕಿಬಿಟ್ಟಿರುತ್ತಿತ್ತು.

ತೊಂಬತ್ತರ ದಶಕದ ನಡುವೆ ಟೈಪ್‌ರೈಟರುಗಳು ಮೂಲೆ ಸೇರತೊಡಗಿದಾಗ ನಾನು ಕಂಪ್ಯೂಟರ್ ಮಾರಿ ಸರ್ವೀಸ್ ಮಾಡುವ ಒಂದು ಖಾಸಗಿ ಕಂಪನಿ ಸೇರಿದೆ. ಆ ಕಂಪನಿ ಈಗಿಲ್ಲ, ಹೆಸರೂ ಬೇಡ. ಅರಸೀಕೆರೆಯಲ್ಲಿ ಅದರ ಆಫೀಸು. ಬೇಲೂರು, ಹಳೇಬೀಡು, ಹಾರನಹಳ್ಳಿ ಎಲ್ಲವೂ ನನ್ನ ಪಾಲಿಗೆ. ಹೆಗಲಿಗೆ ಚೀಲ, ಚೀಲದಲ್ಲಿ ಸ್ಕ್ರೂಡ್ರೈವರು, ಒಂದು ಬ್ರಷ್ಷು, ಫ್ಲಾಪಿಗಳು, ಮೂರು ಬಣ್ಣದ ಹಾಳೆಯ ಸರ್ವೀಸ್ ಪ್ಯಾಡು, ಮಧ್ಯೆ ಕಾರ್ಬನ್ನು. ಗುಲಾಬಿ ಹಾಳೆ ಗಿರಾಕಿಗೆ, ಹಳದಿ ಆಫೀಸಿಗೆ, ಬಿಳಿ ನನ್ನ ಪ್ಯಾಡಿನಲ್ಲೇ. ಸರ್ಕಾರಿ ಬಸ್ಸಿನಲ್ಲಿ ಓಡಾಟ. ದಿನಕ್ಕೆ ಮೂರು ಕಡೆ ಮುಗಿಸಬೇಕು ಎಂಬುದು ನಿಯಮ.

ನಿಯಮ ಮಾಡಿದವರು ನಮ್ಮ ಮ್ಯಾನೇಜರ್ ಶ್ರೀಕಂಠಯ್ಯ. ಅವರು ಈ ಕೆಲಸಕ್ಕೆ ಬರುವ ಮೊದಲು ಮಿಕ್ಸಿ ಮಾರುತ್ತಿದ್ದರು. ಮಿಕ್ಸಿ ಮಾರುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಸ್ಕ್ರೂಡ್ರೈವರನ್ನು ಅವರು ಕಿವಿ ಕೆರೆಯಲು ಬಿಟ್ಟು ಬೇರೆ ಯಾವುದಕ್ಕೂ ಹಿಡಿದವರಲ್ಲ. ನಾನು ಒಂದು ಕಡೆ ಹೆಚ್ಚು ಹೊತ್ತು ಕೂತೆನೆಂದು ತಿಳಿದರೆ ಫೋನಿನಲ್ಲೇ ಅಬ್ಬರಿಸುತ್ತಿದ್ದರು.

"ಏನ್ರೀ ರಂಗಸ್ವಾಮಿ, ಕಂಪ್ಯೂಟರ್ ಏನು ಕಾಯಿಲೆ ಮನುಷ್ಯನೇನ್ರೀ, ನಾಡಿ ಹಿಡ್ಕೊಂಡು ಕೂರೋಕೆ? ಫಾರ್ಮ್ಯಾಟ್ ಹೊಡೀರಿ, ಸಹಿ ಹಾಕಿಸ್ಕೊಳ್ಳಿ, ಬಸ್ ಹತ್ತಿ!"

ಸರ್ವೀಸ್ ಚೀಟಿಯಲ್ಲಿ ಮುಖ್ಯವಾದ ಮೂರು ಕಾಲಂ. ಯೂಸರ್ ಯಾರು, ತೊಂದರೆ ಏನು, ಕಾರಣ ಏನು. ಎಲ್ಲವೂ ಇಂಗ್ಲಿಷಿನಲ್ಲಿ. ಕಾರಣದ ಕಾಲಂನಲ್ಲಿ ಹಾರ್ಡ್‌ವೇರ್ ಎಂದು ಬರೆದರೆ ಭಾಗ ಬದಲಿಸಿಕೊಡಬೇಕು. ಸಾಫ್ಟ್‌ವೇರ್ ಎಂದು ಬರೆದರೆ ಮೇಲಿನ ಆಫೀಸಿನವರು ಶ್ರೀಕಂಠಯ್ಯನವರಿಗೆ ಪ್ರಶ್ನೆ ಕೇಳುತ್ತಾರೆ. "ಯೂಸರ್ ಎರರ್" ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಬಳಸಿದವರ ತಪ್ಪು, ಮುಗಿಯಿತು. ಶ್ರೀಕಂಠಯ್ಯನವರಿಗೆ ಆ ಎರಡು ಪದದ ಮೇಲೆ ಎಂಥ ಪ್ರೀತಿ ಇತ್ತೆಂದರೆ ಅದನ್ನು ಒಂದು ರಬ್ಬರ್ ಸೀಲು ಮಾಡಿಸುವ ಮಾತೂ ಬಂದಿತ್ತು. ನಾಚಿಕೆಯಾಗಬೇಕು.

ಕಂಪ್ಯೂಟರ್ ನಿಧಾನವಾಗುವುದು ಹೇಗೆ ಎಂದು ನನಗೆ ಯಾವ ಕ್ಲಾಸಿನಲ್ಲೂ ಹೇಳಿಕೊಡಲಿಲ್ಲ. ಹಾರನಹಳ್ಳಿಯ ಗೊಬ್ಬರದಂಗಡಿಯಲ್ಲಿ ಒಂದಷ್ಟು ಕಲಿತೆ. ಅಲ್ಲಿನ ಯಜಮಾನರು ವೈರಸ್ಸಿನ ಭಯಕ್ಕೆ ಎರಡು ಆಂಟಿವೈರಸ್ ಹಾಕಿಸಿದ್ದರು. ಒಂದು ಫೈಲ್ ತೆರೆದರೆ ಮೊದಲನೆಯದು ಅದನ್ನು ತಪಾಸಣೆ ಮಾಡುತ್ತದೆ. ಮೊದಲನೆಯದು ಫೈಲನ್ನು ಮುಟ್ಟಿತಲ್ಲ ಎಂದು ಎರಡನೆಯದು ತಪಾಸಣೆಗೆ ಬರುತ್ತದೆ. ಅದು ಮುಟ್ಟಿತಲ್ಲ ಎಂದು ಮತ್ತೆ ಮೊದಲನೆಯದು. ಯಜಮಾನರು ಒಂದು ರಸೀದಿ ಬರೆಯುವಷ್ಟರಲ್ಲಿ ಇವೆರಡೂ ಒಂದರ ಜೇಬನ್ನು ಇನ್ನೊಂದು ಹತ್ತು ಸಲ ತಡಕಿರುತ್ತಿದ್ದವು. ಒಂದನ್ನು ತೆಗೆಯೋಣ ಎಂದೆ.

"ಬ್ಯಾಡ ಕಣ್ರೀ," ಎಂದರು. "ಒಂದು ಮಲಗಿದ್ರೆ ಇನ್ನೊಂದು ಕಾಯ್ಲಿ ಅಂತ ಹಾಕ್ಸಿರೋದು."

ಹೇಗೋ ಒಪ್ಪಿಸಿ ತೆಗೆದೆ. ಯಂತ್ರ ಓಡಿತು. ಮುಂದಿನ ತಿಂಗಳು ಮತ್ತೆ ಕರೆದರು. ಹೋಗಿ ನೋಡಿದರೆ ಒಳಗೆ ಮೂರು ಇದ್ದವು.

ಬೇಲೂರಿನ ಒಂದು ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಇನ್ನೊಂದು ಪಾಠ. ಆಗ ಕನ್ನಡದ ಒಂದೊಂದು ತಂತ್ರಾಂಶಕ್ಕೂ ಅದರದೇ ಅಕ್ಷರಗಳು. ಪ್ರೆಸ್ಸಿನವರು ಕೈಗೆ ಸಿಕ್ಕ ಸಿ.ಡಿ.ಯಿಂದೆಲ್ಲ ಫಾಂಟು ತುಂಬಿ ತುಂಬಿ ಏಳೆಂಟು ನೂರು ಮಾಡಿಕೊಂಡಿದ್ದರು. ಬೆಳಿಗ್ಗೆ ಯಂತ್ರ ಏಳುವಾಗ ಅಷ್ಟೂ ಫಾಂಟುಗಳ ಹಾಜರಿ ತೆಗೆದುಕೊಳ್ಳಬೇಕು. ಬಳಸುವುದು ಹತ್ತೋ ಹನ್ನೆರಡೋ. ಮಿಕ್ಕದ್ದು ತೆಗೆಯಿರಿ ಎಂದರೆ, "ಹುಡುಗಿ ಕಡೆಯೋರು ಬಂದು ಅದೇ ಅಕ್ಷರ ಬೇಕು ಅಂತ ಕೂತ್ರೆ ನೀವು ಬಂದು ಬರ್ದು ಕೊಡ್ತೀರಾ?" ಎಂದು ನನ್ನನ್ನೇ ಕೇಳಿದರು.

ಎಲ್ಲ ಕಡೆಯೂ ಇದೇ ಕಥೆ. ಒಂದು ಪ್ರೋಗ್ರಾಂ ಹಾಕಿದರೆ ಅದು ತನ್ನ ಕೆಲಸ ಮಾಡಿ ಸುಮ್ಮನಿರುವುದಿಲ್ಲ. ಸ್ವಿಚ್ ಹಾಕಿದ ಕೂಡಲೇ ನಾನೂ ಏಳುತ್ತೇನೆ ಎಂದು ಹೆಸರು ಬರೆಸಿಬಿಡುತ್ತದೆ. ಊಟ ಮುಗಿದರೂ ಎಲೆ ಮುಂದಿನಿಂದ ಏಳದ ನೆಂಟರ ಹಾಗೆ ಮೆಮೊರಿಯಲ್ಲಿ ಜಾಗ ಹಿಡಿದು ಕೂರುತ್ತದೆ. ಮೆಮೊರಿ ತುಂಬಿದರೆ ಆಪರೇಟಿಂಗ್ ಸಿಸ್ಟಮ್ ಪಾಪ ಏನು ಮಾಡಬೇಕು? ಸ್ವಲ್ಪವನ್ನು ಹಾರ್ಡ್‌ಡಿಸ್ಕಿಗೆ ಇಳಿಸುತ್ತದೆ, ಬೇಕಾದಾಗ ಮತ್ತೆ ಹತ್ತಿಸುತ್ತದೆ. ಇಳಿಸಿ ಹತ್ತಿಸುವುದರಲ್ಲೇ ಅದರ ಹೊತ್ತೆಲ್ಲ ಹೋಗುತ್ತದೆ. ಪೆಟ್ಟಿಗೆಯ ಮುಂದಿನ ಕೆಂಪು ದೀಪ ಆರದೆ ಉರಿಯುತ್ತಿದ್ದರೆ ನಡೆಯುತ್ತಿರುವುದು ಅದೇ. ಇನ್ನು ತೆಗೆದುಹಾಕಿದ ಪ್ರೋಗ್ರಾಂಗಳೂ ಪೂರ್ತಿ ಹೋಗುವುದಿಲ್ಲ. ಅರ್ಧ ಸಾಮಾನು ಬಿಟ್ಟೇ ಹೋಗುತ್ತವೆ.

ಫಾರ್ಮ್ಯಾಟ್ ಹೊಡೆದರೆ ಇವೆಲ್ಲ ಹೋಗಿ ಯಂತ್ರ ಹಾರುತ್ತದೆ, ನಿಜ. ಎಲ್ಲರೂ ಹೊಗಳುತ್ತಾರೆ. ಹೊರೆ ಹೇರಿದವರು ಮಾರನೇ ದಿನವೇ ಮತ್ತೆ ಹೇರಲು ಶುರುಮಾಡುತ್ತಾರೆ, ನಾಲ್ಕು ತಿಂಗಳಿಗೆ ಮತ್ತೆ ನಮ್ಮನ್ನು ಕರೆಯುತ್ತಾರೆ. ಕಂಪನಿಗೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ? ಈ ಮೋಸ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಈಗ ಹೇಳಲಿರುವುದು ಅದರಿಂದ ಆದದ್ದು.

ಬೇಲೂರಿನ ಒಂದು ಖಾಸಗಿ ಪ್ರೌಢಶಾಲೆಯ ಆಫೀಸಿನಲ್ಲಿ ಸುಶೀಲಮ್ಮ ಎಂಬ ಗುಮಾಸ್ತೆ ಇದ್ದರು. ದಿನಾ ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಏಳು ವರ್ಷದಿಂದ ಹಂಗಾಮಿ. ಆ ವರ್ಷ ಖಾಯಂ ಮಾಡುತ್ತೇವೆಂದು ಆಡಳಿತ ಮಂಡಳಿಯವರು ಮಾತು ಕೊಟ್ಟಿದ್ದರು. ನನಗೆ ಅವರು ಹೊಸಬರಲ್ಲ. ಅವರ ಟೈಪ್‌ರೈಟರಿಗೆ ಎಣ್ಣೆ ಬಿಡುತ್ತಿದ್ದವನೂ ನಾನೇ. ಸಂಜೆ ಕೆಲಸ ಮುಗಿದ ಮೇಲೆ ಯಂತ್ರಕ್ಕೆ ಬಟ್ಟೆ ಹೊದಿಸದೆ ಎದ್ದವರಲ್ಲ. ಅಂಥವರ ಕೈಗೆ ಕಂಪ್ಯೂಟರ್ ಬಂದು ಒಂದು ವರ್ಷವಾಗಿತ್ತು.

ಶಾಲೆಯಿಂದ ದೂರು ಬಂತು, ಹೋದೆ. ತೊಂಬತ್ತೊಂಬತ್ತರ ಸುಮಾರಿನ ಮಾತು.

"ಸಾರ್, ಬೆಳಿಗ್ಗೆ ಸ್ವಿಚ್ ಹಾಕಿದ್ರೆ ಪ್ರಾರ್ಥನೆ ಮುಗ್ದು ಮೊದಲ್ನೇ ಪೀರಿಯಡ್ ಬೆಲ್ ಹೊಡೆದ್ರೂ ಇದು ಎದ್ದಿರಲ್ಲ," ಎಂದರು ಸುಶೀಲಮ್ಮ. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಇನ್ನೊಂದು ಸಾರ್. ಕೆಲವು ಸೋಮವಾರ ಬಂದು ನೋಡಿದ್ರೆ ತಾರೀಕೇ ಬೇರೆ ಇರುತ್ತೆ. ಮೊನ್ನೆ ಮುಂದಿನ ವರ್ಷದ ಫೆಬ್ರವರಿ ತೋರಿಸ್ತಿತ್ತು. ನೋಡ್ಕೊಳ್ದೆ ಒಬ್ಬ ಹುಡುಗಂಗೆ ಟಿ.ಸಿ. ಪ್ರಿಂಟ್ ತೆಗೆದ್ಕೊಟ್ಬಿಟ್ಟೆ. ಮುಂದಿನ ವರ್ಷದ ತಾರೀಕಿನ ಟಿ.ಸಿ.! ನನಗೆ ಮೆಮೋ ಕೊಟ್ಟಿದ್ದಾರೆ. ನಾನು ತಾರೀಕು ಮುಟ್ಟೇ ಇಲ್ಲ ಸಾರ್."

"ಒಳಗೆ ಒಂದು ಸೆಲ್ ಇರುತ್ತಮ್ಮ. ಅದು ಹೋದ್ರೆ ತಾರೀಕು ತಪ್ಪುತ್ತೆ," ಎಂದೆ. ಪೆಟ್ಟಿಗೆ ಬಿಚ್ಚಿ, ಗುಂಡಿಯಷ್ಟಿರುವ ಸೆಲ್ ತೆಗೆದು ಹೊಸದು ಹಾಕಿದೆ. ದೊಡ್ಡ ಕೆಲಸ ಮಾಡಿದವನ ಹಾಗೆ ಹಳೆಯದನ್ನು ಅವರ ಮೇಜಿನ ಮೇಲಿಟ್ಟೆ.

ಎಳೆಯರೇ, ಇಲ್ಲಿ ಸ್ವಲ್ಪ ನಿಂತು ಓದಿ. ಸೆಲ್ ಸತ್ತರೆ ಕಂಪ್ಯೂಟರಿನ ತಾರೀಕು ಹಿಂದಕ್ಕೆ ಹೋಗುತ್ತದೆ, ಅದು ತಯಾರಾದ ಕಾಲಕ್ಕೋ ಅದಕ್ಕೂ ಹಿಂದಕ್ಕೋ. ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಯಾರೋ ಕೈಯಾರೆ ತಿರುಗಿಸದೆ ಮುಂದಕ್ಕೆ ಹೋಗಲು ಸಾಧ್ಯವೇ ಇಲ್ಲ. ಇದು ನನಗೆ ಗೊತ್ತಿತ್ತು. ಆ ಹೆಂಗಸು ಕಾರಣವನ್ನೇ ನನ್ನ ಕೈಗೆ ಕೊಟ್ಟಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಮಧ್ಯಾಹ್ನದ ಬಸ್ಸು ಮತ್ತು ಶ್ರೀಕಂಠಯ್ಯ.

ಅಷ್ಟರಲ್ಲಿ ಶಾಲೆಯ ಕಾರ್ಯದರ್ಶಿಗಳು ಬಂದರು. ಇಸ್ತ್ರಿ ಮುರಿಯದ ಬಿಳಿ ಷರಟು, ಜೇಬಿನಲ್ಲಿ ಮಡಿಸಿದ ಪಂಚಾಂಗ. ಆಫೀಸಿನ ಇನ್ನೊಂದು ಬೀಗದ ಕೈ ಅವರ ಹತ್ತಿರ ಇರುತ್ತಿತ್ತು. ಭಾನುವಾರವೂ ಬಂದು ಸಂಸ್ಥೆಯ ಕೆಲಸ ಮಾಡುತ್ತಾರೆಂದು ಊರಲ್ಲಿ ಹೆಸರು.

"ಏನಂತ್ರೀ? ಏನೇನೋ ಒತ್ತಿ ಹಾಳ್ ಮಾಡಿರ್ತಾರೆ ಅಷ್ಟೆ," ಎಂದರು, ಸುಶೀಲಮ್ಮ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. "ಟೈಪ್‌ರೈಟರ್ ಕೈ ನೋಡಿ, ಗುದ್ದಿ ಅಭ್ಯಾಸ."

ನಾನು ನಕ್ಕೆ. ಇವತ್ತಿಗೂ ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ. ಶಾಲೆಯ ಕಾಗದಗಳನ್ನು ಫ್ಲಾಪಿಗೆ ಇಳಿಸಿ ಫಾರ್ಮ್ಯಾಟ್ ಹೊಡೆದೆ. ಬೇರೆ ಏನೇನು ಇತ್ತೆಂದು ಕಣ್ಣು ಹಾಯಿಸಲೂ ಇಲ್ಲ. ಚೀಟಿ ಬರೆದೆ. ಯೂಸರ್: ಸುಶೀಲಮ್ಮ. ತೊಂದರೆ: ನಿಧಾನ, ತಪ್ಪು ತಾರೀಕು. ಕಾರಣ: ಯೂಸರ್ ಎರರ್.

ಸುಶೀಲಮ್ಮ ಪೆನ್ನು ಹಿಡಿದವರು ಸಹಿ ಮಾಡದೆ ಕೇಳಿದರು. "ಇದೇನ್ ಸಾರ್ ಇಲ್ಲಿ ಬರ್ದಿರೋದು?"

"ಏನಿಲ್ಲಮ್ಮ, ಆಫೀಸಿನ ಕ್ರಮ. ಎಲ್ಲರಿಗೂ ಅದನ್ನೇ ಬರೆಯೋದು."

ಅವರು ನನ್ನನ್ನು ನಂಬಿ ಸಹಿ ಹಾಕಿದರು. ನಾನು ಗುಲಾಬಿ ಹಾಳೆ ಹರಿದು ಕಾರ್ಯದರ್ಶಿಗಳ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಆ ದಿನ ಮೂರು ಕಡೆಯ ಕೆಲಸ ಮುಗಿಯಿತು. ಶ್ರೀಕಂಠಯ್ಯ ಭೇಷ್ ಎಂದರು.

ಐದು ತಿಂಗಳಿಗೆ ಅದೇ ಶಾಲೆಯಿಂದ ಅದೇ ದೂರು. ಹೋದರೆ ಸುಶೀಲಮ್ಮನ ಕುರ್ಚಿಯಲ್ಲಿ ಬೇರೆ ಹುಡುಗಿ, ಕಾರ್ಯದರ್ಶಿಗಳ ತಂಗಿಯ ಮಗಳು. ಸುಶೀಲಮ್ಮ ರಜವೇ ಎಂದೆ. ಹುಡುಗಿ ತಲೆ ತಗ್ಗಿಸಿದಳು. ಶಾಲೆಯ ಜವಾನ ಕಾಳಯ್ಯ ನನ್ನನ್ನು ನೀರಿನ ನಲ್ಲಿಯ ಹತ್ತಿರ ಕರೆದ.

"ನಿಮ್ ಚೀಟೀನೇ ಸಾ ಆವಮ್ಮುನ್ ಕೆಲ್ಸ ತಗ್ದಿದ್ದು," ಎಂದ.

"ನನ್ನ ಚೀಟಿಯಾ?"

"ಊಂ ಸಾ. ಕಮಿಟೀಲಿ ಓದುದ್ರು. ಇಂಗ್ಲೀಸ್ನಾಗೆ ಐತೆ, ಕಂಪ್ನಿ ಸೀಲ್ ಐತೆ, ಕೆಡ್ಸಿದ್ದು ಈವಮ್ಮ ಅಂತ ಬರ್ದೈತೆ, ಈವಮ್ಮುನ್ದೇ ಸೈನೂ ಐತೆ ಅಂದ್ರು. ಒಪ್ಕೊಂಡೇ ಸೈನ್ ಆಕವ್ರೆ, ಇನ್ನೇನ್ ಬೇಕು ಅಂದ್ರು. ಕಾಯಂ ಮಾಡ್ತೀವಿ ಅಂದಿದ್ದೋರು ಕೆಲ್ಸದಿಂದ್ಲೇ ತೆಗೆದ್ರು."

ಕಂಪನಿಯ ಹಣೆಬರಹ ನೋಡಿ. ಯಾರ ಮೇಲೂ ಹೊರೆ ಬೀಳದಿರಲಿ ಎಂದು ಕಂಡುಹಿಡಿದ ಎರಡು ಪದ. ಯೂಸರ್ ಎನ್ನುವ ಕಾಲಂನಲ್ಲಿ ಒಬ್ಬರ ಹೆಸರು ಇದೆ, ಕಾರಣದ ಕಾಲಂನಲ್ಲಿ ಯೂಸರ್ ಎರರ್ ಎಂದಿದೆ. ಎರಡನ್ನೂ ಕೂಡಿಸಿ ಓದಿದರೆ ಅದು ತೀರ್ಪು. ಮಂಡಳಿಯಲ್ಲಿ ಒಬ್ಬರೂ ಅದರ ಅರ್ಥ ಏನು, ಯಾವ ತಪ್ಪು, ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಖಾಲಿ ಕುರ್ಚಿ. ನಾನು ಖಾಲಿ ಮಾಡಿಕೊಟ್ಟಿದ್ದೆ.

ಆದರೆ ಒಂದು ಮಾತು ತಲೆಯಲ್ಲಿ ಕುಕ್ಕಿತು. ಹಾಳು ಮಾಡಿದವರು ಸುಶೀಲಮ್ಮನಾಗಿದ್ದರೆ, ಅವರು ಹೋದ ಮೇಲೂ ಯಂತ್ರ ಯಾಕೆ ನಿಧಾನವಾಯಿತು?

ಆ ದಿನ ಬಸ್ಸು ಬಿಟ್ಟೆ. ಪುಟ್ಟಾಚಾರ್ ಹೇಳಿದ ಹಾಗೆ ಹುಡುಗಿಯನ್ನು ಕೂರಿಸಿ ಕೆಲಸ ಮಾಡಿಸಿ ಕೈಕಟ್ಟಿ ನೋಡಿದೆ. ಅವಳು ಟೈಪ್ ಮಾಡುವುದು ಬಿಟ್ಟು ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಪರದೆಯ ಮೂಲೆಯ ಗಡಿಯಾರದ ಪಕ್ಕ ಚಿಕ್ಕ ಚಿತ್ರಗಳು ಸಾಲಾಗಿ ನಿಂತಿದ್ದವು. ಒಂದೊಂದನ್ನೇ ಒತ್ತಿದೆ. ರಾಹುಕಾಲ ಬಂದರೆ ಗಂಟೆ ಬಾರಿಸುವುದೊಂದು. ಕೆಲಸವಿಲ್ಲದಾಗ ಪರದೆಯ ಮೇಲೆ ಮೀನು ಓಡಾಡಿಸುವುದೊಂದು. ಜಾತಕ ಕೂಡಿಸುವುದೊಂದು, ಪಂಚಾಂಗ ಹೇಳುವುದೊಂದು. ಇವುಗಳ ಮಧ್ಯೆ ನಾನೇ ಹಾಕಿದ್ದ ಆಂಟಿವೈರಸ್. ಇದ್ದ ಚೂರು ಮೆಮೊರಿಯಲ್ಲಿ ಇಷ್ಟೂ ಸೇರಿ ಸಂತೆ ಮಾಡುತ್ತಿದ್ದವು, ಕೆಂಪು ದೀಪ ಆರದೆ ಉರಿಯುತ್ತಿತ್ತು. ತಾರೀಕು ನೋಡಿದೆ. ಮುಂದಿನ ಮಾರ್ಚಿ. ನಾನು ಹಾಕಿದ ಹೊಸ ಸೆಲ್ಲು ಗಟ್ಟಿಯಾಗೇ ಇತ್ತು.

ಆಗ ಹೊಳೆಯಿತು. ಪಂಚಾಂಗದ ಆ ಪ್ರೋಗ್ರಾಂ ಯಾರೋ ನಕಲು ಮಾಡಿಕೊಟ್ಟ ಕಳ್ಳ ಪ್ರತಿ. ಅದು ಆ ದಿನದ ತಿಥಿ ನಕ್ಷತ್ರ ಬಿಟ್ಟು ಬೇರೆ ದಿನದ್ದು ತೋರಿಸುತ್ತಿರಲಿಲ್ಲ. ಮುಂದಿನ ಮುಹೂರ್ತ ನೋಡಬೇಕಾದರೆ? ಕಂಪ್ಯೂಟರಿನ ತಾರೀಕನ್ನೇ ಮುಂದಕ್ಕೆ ತಿರುಗಿಸಿ, ಇವತ್ತೇ ಆ ದಿನ ಎಂದು ಅದನ್ನು ನಂಬಿಸಬೇಕು. ತಾರೀಕು ಮುಂದಕ್ಕೆ ಹೋದ ಕೂಡಲೇ ಆಂಟಿವೈರಸ್ಸಿಗೆ ಗಾಬರಿ. ತಿಂಗಳುಗಟ್ಟಲೆ ತಪಾಸಣೆಯೇ ಆಗಿಲ್ಲವೆಂದು ಡಿಸ್ಕನ್ನೆಲ್ಲ ಮೊದಲಿಂದ ತಡಕಲು ಶುರು. ತಿರುಗಿಸಿದವರು ವಾಪಸು ತರಲು ಮರೆತರೆ ಸೋಮವಾರ ಬೆಳಿಗ್ಗೆ ಗುಮಾಸ್ತೆಯ ಮುಂದೆ ಮುಂದಿನ ವರ್ಷ ನಿಂತಿರುತ್ತದೆ, ಅವರ ಕೈಗೆ ಮೆಮೋ ಬರುತ್ತದೆ. ಜಾತಕಗಳ ಫೋಲ್ಡರ್ ತೆರೆದೆ. ಇಪ್ಪತ್ತೆಂಟು ವರರು, ಒಬ್ಬಳೇ ವಧು. ಕಾರ್ಯದರ್ಶಿಗಳ ಮಗಳು.

ಅವರು ಬಂದಾಗ ನಾನು ಪ್ಯಾಡು ತೆರೆದು ಕೂತಿದ್ದೆ. "ಯೂಸರ್ ಯಾರು ಸಾರ್?" ಎಂದೆ.

"ಕಾಣಲ್ವಾ? ಇವಳೇ."

"ಈ ಇಪ್ಪತ್ತೆಂಟು ಜಾತಕ ಇವರು ಮಾಡಿದ್ದಾ?"

ಅವರ ಮುಖ ಕೆಂಪಾಯಿತು. "ಸಂಸ್ಥೆ ಕಂಪ್ಯೂಟರ್ ಸಂಸ್ಥೆ ಕಾರ್ಯದರ್ಶಿ ಮುಟ್ಟಬಾರ್ದೇನ್ರೀ? ರಿಪೇರಿಗೆ ಬಂದಿದ್ದೀರೋ ಪಂಚಾಯ್ತಿ ಮಾಡೋಕೆ ಬಂದಿದ್ದೀರೋ?"

"ಮುಟ್ಟಿ ಸಾರ್. ಮುಟ್ಟಿದೋನು ನಾನು ಅಂತ ಹೇಳಿ. ಏಳು ವರ್ಷ ದುಡಿದ ಹೆಂಗಸಿನ ತಲೆಗೆ ಕಟ್ಟಿದ್ರಲ್ಲ!"

"ಕಟ್ಟಿದ್ದು ನಾನಾ? ಬರ್ದು ಕೊಟ್ಟೋರು ನೀವು," ಎಂದರು.

ಯೂಸರ್ ಕಾಲಂನಲ್ಲಿ ಕಾರ್ಯದರ್ಶಿಗಳ ಹೆಸರು ಬರೆದೆ. ಕಾರಣದ ಕಾಲಂನಲ್ಲಿ ಅದುವರೆಗೆ ಯಾರೂ ಬರೆಯದ್ದನ್ನು ಬರೆದೆ, ಕನ್ನಡದಲ್ಲಿ, ಪಂಚಾಂಗ, ತಾರೀಕು, ರಾಹುಕಾಲದ ಗಂಟೆ ಎಲ್ಲವನ್ನೂ. ಜಾಗ ಸಾಲದೆ ಮೂರೂ ಹಾಳೆಯ ಹಿಂಬದಿಗೂ ಬರೆದೆ. ಹಿಂದೆ ಸುಶೀಲಮ್ಮನವರ ಹೆಸರಿನಲ್ಲಿ ಬರೆದ ಕಾರಣ ತಪ್ಪು, ಅದು ಪರೀಕ್ಷಿಸದೆ ಬರೆದದ್ದು ಎಂದೂ ಸೇರಿಸಿದೆ. ಅವರು ಸಹಿ ಹಾಕಲಿಲ್ಲ. ಗುಲಾಬಿ ಹಾಳೆಯನ್ನು ಮುಖ್ಯೋಪಾಧ್ಯಾಯಿನಿಯವರಿಗೆ ಕೊಟ್ಟೆ. ಅವರು ಓದಿ, "ನೋಡೋಣ" ಎಂದು ಗಾಜಿನ ಗುಂಡಿನ ಕೆಳಗಿಟ್ಟರು. ಏನೂ ಆಗಲಿಲ್ಲ. ಅರಸೀಕೆರೆಯಲ್ಲಿ ಶ್ರೀಕಂಠಯ್ಯ ಹಳದಿ ಹಾಳೆಯನ್ನು ನನ್ನ ಮುಂದೆಯೇ ಹರಿದರು.

"ಸಹಿ ಇಲ್ಲದ ಚೀಟಿ ಚೀಟೀನೇ ಅಲ್ಲ ಕಣ್ರೀ. ನೀವು ಮೆಕ್ಯಾನಿಕ್ಕೋ ಸತ್ಯಹರಿಶ್ಚಂದ್ರನೋ?"

ಬಿಳಿ ಹಾಳೆ ಉಳಿಯಿತು. ಅದನ್ನು ಪ್ಯಾಡಿನಿಂದ ಬಿಡಿಸಿ ಚೀಲದ ಒಳಜೇಬಿಗೆ ಹಾಕಿದೆ. ಮಾರನೇ ದಿನವೇ ಹಳೇಬೀಡಿಗೆ ಹೋಗಿ ಸುಶೀಲಮ್ಮನ ಕೈಗೆ ಕೊಡಬೇಕು ಎಂದುಕೊಂಡೆ. ಹೋಗಲಿಲ್ಲ. ಒಂದು ವಾರ ಕೆಲಸ ಜಾಸ್ತಿ ಇತ್ತು. ಆಮೇಲೆ ಹೋದರೆ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ ಎನ್ನಿಸಿತು. ತಿಂಗಳು ಕಳೆದಷ್ಟೂ ಆ ಪ್ರಶ್ನೆ ದೊಡ್ಡದಾಯಿತು. ಹಳೇಬೀಡಿನಲ್ಲಿ ಕೆಲಸ ಬಿದ್ದಾಗಲೂ ಅವರ ಬೀದಿ ತಪ್ಪಿಸಿ ನಡೆದೆ. ಬೇರೆಯವರ ಅನ್ಯಾಯಕ್ಕೆ ಕುದಿಯುವುದು ಸುಲಭ. ನನ್ನದಕ್ಕೆ ನನಗೆ ಆರು ವರ್ಷ ಬೇಕಾಯಿತು.

ಆ ಆರು ವರ್ಷದಲ್ಲಿ ಕೆಲಸದ ರೀತಿ ಬದಲಾಯಿತು. ಫ್ಲಾಪಿ ಹೋಗಿ ಸಿ.ಡಿ. ಬಂತು. ಮೆಮೊರಿ ನಾಲ್ಕು ಪಟ್ಟು, ಎಂಟು ಪಟ್ಟು ಆಯಿತು, ಅದನ್ನು ತುಂಬುವ ಪ್ರೋಗ್ರಾಂಗಳು ಅದಕ್ಕಿಂತ ಬೇಗ ಬೆಳೆದವು. ಇಂಟರ್‌ನೆಟ್ ಬಂದು, ಕೇಳಿದ್ದು ಕೇಳದ್ದು ಎಲ್ಲ ಒಳಗೆ ನುಗ್ಗತೊಡಗಿತು. ಬೆಂಗಳೂರಿನಿಂದಲೇ ನಮ್ಮ ಗಿರಾಕಿಯ ಮೌಸ್ ಓಡಾಡಿಸುವ ಹುಡುಗರು ಬಂದರು. ಅವರೂ ಕೊನೆಗೆ ಹೇಳುತ್ತಿದ್ದದ್ದು ಫಾರ್ಮ್ಯಾಟ್ ಎಂದೇ.

ಒಂದು ದಿನ ಹಳೇಬೀಡಿನ ಒಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಿಂದ ದೂರು, ಪ್ರಿಂಟರ್ ಕಾಗದ ಎಳೆಯುತ್ತಿಲ್ಲ. ಹೆಸರು ನೋಡದೆ ಹೋದೆ. ಒಳಗೆ ಸುಶೀಲಮ್ಮ ಕೂತಿದ್ದರು. ಕೂದಲು ನರೆತಿತ್ತು.

"ಬನ್ನಿ ಸಾರ್," ಎಂದರು. ಬಾ ಎನ್ನುವುದನ್ನೂ ಬೇಡ ಎನ್ನುವುದನ್ನೂ ಆ ದನಿಯಲ್ಲಿ ಹುಡುಕಿದೆ, ಯಾವುದೂ ಸಿಗಲಿಲ್ಲ.

ಪ್ರಿಂಟರಿನ ರಬ್ಬರ್ ಉರುಳೆ ಒರೆಸಿ ಸರಿ ಮಾಡಿದೆ. ಪರೀಕ್ಷೆಗೆ ಕಂಪ್ಯೂಟರ್ ಹಾಕಿ ಎಂದೆ. ನೋಡಿದರೆ ಶಾಲೆಯಲ್ಲಿದ್ದ ಕಾಲದ್ದೇ ಮಾಡೆಲ್ಲು, ಅದೇ ಹಳೆಯ ಆಪರೇಟಿಂಗ್ ಸಿಸ್ಟಮ್. ಕುಡಿಯಲು ನನಗೆ ನೀರು ಬಗ್ಗಿಸಿ ಕೊಡುವಷ್ಟರಲ್ಲಿ ಎದ್ದು ನಿಂತಿತು. ನನಗೆ ನಂಬಿಕೆ ಬರಲಿಲ್ಲ.

"ಯಾವಾಗ ಫಾರ್ಮ್ಯಾಟ್ ಮಾಡಿಸಿದ್ದು?"

"ಮಾಡಿಸಿಲ್ಲ. ತಂದಾಗಿಂದ ಒಂದ್ಸಲವೂ ಇಲ್ಲ."

ಮೇಜಿನ ಖಾನೆಯಿಂದ ಒಂದು ಉದ್ದನೆಯ ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟರು. ಮೇಲೆ ದುಂಡಗಿನ ಅಕ್ಷರದಲ್ಲಿ "ಕಂಪ್ಯೂಟರ್ ಆವಕ–ಜಾವಕ" ಎಂದಿತ್ತು. ಆಫೀಸುಗಳಲ್ಲಿ ಬಂದ ಕಾಗದ, ಹೋದ ಕಾಗದ ಬರೆದಿಡುವ ಪುಸ್ತಕವಿರುತ್ತದಲ್ಲ, ಅದನ್ನು ಅವರು ಕಂಪ್ಯೂಟರಿಗೆ ಮಾಡಿದ್ದರು. ಒಳಗೆ ಯಾವ ಪ್ರೋಗ್ರಾಂ ಯಾವ ದಿನ ಬಂತು, ಯಾರು ಹೇಳಿದ್ದಕ್ಕೆ ಹಾಕಿದ್ದು, ಕೆಲಸ ಮುಗಿದ ಮೇಲೆ ಯಾವ ದಿನ ತೆಗೆದದ್ದು, ಕೊನೆಗೆ ಷರಾ. ಒಂದು ಫಾಂಟು ಬಂದರೂ ದಾಖಲೆ. ಹಾಕಿಸಿದವರ ಸಹಿ. ಇಷ್ಟು ವರ್ಷ ನಾನು ಓಡಾಡಿದ ಊರುಗಳಲ್ಲಿ ಯಾವ ಇಂಜಿನಿಯರಿಗೂ ಹೊಳೆಯದ ಮದ್ದು ಅದು. ಯಂತ್ರದ ಮೇಲೆ ಹೊರೆ ಹೇರಿದವರು ಯಾರು ಎಂದು ಹುಡುಕುವ ಅಗತ್ಯವೇ ಅಲ್ಲಿರಲಿಲ್ಲ.

"ಯಾಕೆ ಮಾಡಿದ್ರಿ ಅಮ್ಮಾ ಇದನ್ನ?" ಎಂದೆ. ಕೇಳಬಾರದಿತ್ತು.

"ನಾನು ಮುಟ್ಟಿಲ್ಲ ಅಂತ ತೋರ್ಸೋಕೆ ಅಲ್ಲಿ ನನ್ ಹತ್ರ ಏನೂ ಇರ್ಲಿಲ್ಲ ಸಾರ್."

ಚೀಲದ ಒಳಜೇಬಿನಿಂದ ಬಿಳಿ ಹಾಳೆ ತೆಗೆದು ಕೊಟ್ಟೆ. ಮಡಿಕೆಯಲ್ಲಿ ಹರಿಯುವ ಹಾಗಾಗಿತ್ತು. ಅವರು ಕನ್ನಡಕ ಹಾಕಿಕೊಂಡು ಓದಿದರು. ತಿರುಗಿಸಿ ಹಿಂಬದಿಯನ್ನೂ ಓದಿದರು. ಹೊರಗೆ ಬೇಲೂರಿನ ಬಸ್ಸು ಬಂದು ನಿಂತು ಮುಂದೆ ಹೋಯಿತು.

"ತಪ್ಪಾಯ್ತಮ್ಮಾ," ಎಂದೆ.

"ಕನ್ನಡದಲ್ಲಿ ಬರ್ದಿದ್ದೀರಿ," ಎಂದರು. "ಅವತ್ತೂ ಕನ್ನಡದಲ್ಲೇ ಬರ್ದಿದ್ರೆ ನಾನು ಓದ್ಕೊತಿದ್ದೆ, ಸಹಿ ಹಾಕ್ತಿರ್ಲಿಲ್ಲ." ಹಾಳೆಯನ್ನು ಮೇಜಿನ ಮೇಲಿಟ್ಟು ಕೇಳಿದರು. "ಅರಸೀಕೆರೆಯಿಂದ ಇಲ್ಲಿಗೆ ಬಸ್ಸು ಎಷ್ಟು ಹೊತ್ತು ಸಾರ್?"

"ಒಂದೂವರೆ ಗಂಟೆ."

"ಇದಕ್ಕೆ ಆರು ವರ್ಷ ಹಿಡೀತು." ಕನ್ನಡಕ ತೆಗೆದರು. "ಆ ಕಂಪ್ಯೂಟರ್ನ ಸ್ಲೋ ಅಂತ ಎಷ್ಟು ಬೈದ್ವಿ. ನಿಮಗಿಂತ ಅದೇ ವಾಸಿ ಇತ್ತು."

ಆ ಮಾತಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ರಿಜಿಸ್ಟರ್ ಎಳೆದುಕೊಂಡು ಹೊಸ ಸಾಲಿಗೆ ಅಂಕಿ ಹಾಕಿದರು. ಆ ದಿನದ ತಾರೀಕು ಬರೆದರು. ಆವಕದ ಕಡೆ "ಚೀಟಿ, ಬಿಳಿ ಪ್ರತಿ, ಒಂದು" ಎಂದು ಬರೆದರು. ಆಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು.

"ಷರಾ ನೀವೇ ಬರೀರಿ ಸಾರ್. ಯಾಕೆ ತಡ ಆಯ್ತು ಅಂತ."

ಪುಟದಲ್ಲಿ ಜಾಗ ಎರಡು ಬೆರಳಿನಷ್ಟು. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು. ಮ್ಯಾನೇಜರ್ ಬಿಡಲಿಲ್ಲ ಎನ್ನಬಹುದಿತ್ತು, ಕಂಪನಿಯ ಕ್ರಮ ಹಾಗಿತ್ತು ಎನ್ನಬಹುದಿತ್ತು. "ಕಾರಣ: ರಂಗಸ್ವಾಮಿಯ ಹೇಡಿತನ" ಎಂದು ಬರೆದು ಕೆಳಗೆ ಸಹಿ ಹಾಕಿದೆ. ಸುಶೀಲಮ್ಮ ಮತ್ತೆ ಕನ್ನಡಕ ಹಾಕಿಕೊಂಡು, ನಾನು ಬರೆದದ್ದನ್ನು ಒಂದೊಂದು ಅಕ್ಷರ ಓದಿ ನೋಡಿ, ಆಮೇಲೆ ಪುಸ್ತಕ ಮುಚ್ಚಿದರು.